ಮೈಕಕ್ಕನ ಕುರ್ಚಿ

ಲಾರಿ ಟರ್ಮಿನಲ್‌ನವರು ಮೈಕಕ್ಕನಿಗೆ ಆಪರೇಟರ್ ಸಂಬಳ ಇನ್ನೂ ಕೊಟ್ಟಿಲ್ಲ. ಕೂರಿಸಿರುವುದು ಆಪರೇಟರ್ ಕುರ್ಚಿಯಲ್ಲಿ, ಕೊಡುತ್ತಿರುವುದು ಗೇಟಿನಲ್ಲಿ ಕೂಗುವವಳ ದಿನಗೂಲಿ. ಇದು ಮೊದಲು, ಹೊಗಳಿಕೆ ಆಮೇಲೆ.

ಕೂಗುವುದೇ ಅವಳ ಕೆಲಸವಾಗಿತ್ತು. ಗೋದಾಮಿನ ಬಾಗಿಲೊಂದು ಖಾಲಿಯಾದರೆ ಹಮಾಲರು ಕೈ ಬೀಸುತ್ತಿದ್ದರು. ಅವಳು ಸ್ಟೂಲು ಹತ್ತಿ, ಮೈಕು ಬಾಯಿಗಿಟ್ಟು, ಮುಂದಿನ ಲಾರಿಯ ನಂಬರು ಕೂಗುತ್ತಿದ್ದಳು. ಮೂರು ಸಲ ಕೂಗಿದರೂ ಬಾರದವನು ಸಾಲಿನ ಬಾಲಕ್ಕೆ. ಡ್ರೈವರುಗಳು ಉಚ್ಚೆಗೆ ಹೋಗಲೂ ಹೆದರುತ್ತಿದ್ದರು.

ಒಂದು ದಿನ ಟೊಮೇಟೊ ತಂದಿದ್ದ ಮುದಿ ಡ್ರೈವರು ನಲ್ಲಿಯ ಕೆಳಗೆ ಸ್ನಾನ ಮಾಡುತ್ತಿದ್ದಾಗ ಅವನ ಸರದಿ ಹೋಯಿತು. ಸರದಿ ಮತ್ತೆ ಬರುವಷ್ಟರಲ್ಲಿ ಲಾರಿಯ ಹಲಗೆಗಳ ಸಂದಿಯಿಂದ ಕೆಂಪು ರಸ ಸೋರುತ್ತಿತ್ತು.

“ನಿಂದೇನೂ ತಪ್ಪಿಲ್ಲ ಬಿಡಕ್ಕ. ನಿನ್ ಬಾಯಿ ದೊಡ್ಡದೇ, ನನ್ ಕಿವೀಲಿ ಸೋಪಿತ್ತು,” ಅಂದ ಅವನು.

ನಗಲು ಹೋದಳು, ನಗು ಬರಲಿಲ್ಲ. ಮರುದಿನವೇ ಹಮಾಲರನ್ನು ಕಟ್ಟಿಕೊಂಡು ಮ್ಯಾನೇಜರ ಬಾಗಿಲಲ್ಲಿ ಕೂತಳು: ಸರದಿ ಬಂದಾಗ ಡ್ರೈವರ ಫೋನಿಗೆ ಮೆಸೇಜು ಹೋಗಲಿ, ಹಮಾಲರ ಕೈಗೆ ವಾಕಿಟಾಕಿ ಬರಲಿ.

“ಮೆಸೇಜ್ ಬಂದ್ರೆ ನಿನ್ ಬಾಯಿಗೇನಮ್ಮ ಕೆಲಸ?” ಅಂದ ಮ್ಯಾನೇಜರು.

“ಊಟ ಮಾಡೋದಿದೆ ಸಾರ್.”

ತಮಾಷೆಯೇನೋ ಮಾಡಿದಳು, ಆದರೆ ಮನೆ ನಡೆಯುತ್ತಿದ್ದುದು ಆ ಗಂಟಲಿನಿಂದಲೇ. ರಾತ್ರಿ ಮಗಳು ರೇಗಿದಳು: “ನಿನ್ ಅನ್ನಕ್ಕೆ ನೀನೇ ಮಣ್ಣು ಹಾಕ್ಕೋತೀಯಲ್ಲಮ್ಮ!”

“ದಿನಾ ಕೂಗಿ ಕೂಗಿ ಇನ್ನೊಬ್ಬನ ಅನ್ನಕ್ಕೆ ಹಾಕ್ತಿದ್ದೀನಲ್ಲೇ, ಅದಕ್ಕೇನಂತೀಯ?”

ಮ್ಯಾನೇಜರು ಕೊನೆಗೆ ಬಗ್ಗಿದ. ಆದರೆ ಮೆಸೇಜು ಶುರುವಾದ ದಿನ ಒಂದು ಲಾರಿಯೂ ಕದಲಲಿಲ್ಲ. ಆಫೀಸಿನಲ್ಲಿದ್ದದ್ದು ಬಿಲ್ಲಿಗೆಂದು ಇಟ್ಟುಕೊಂಡ ಲಾರಿ ಮಾಲೀಕರ ನಂಬರು. ಮೆಸೇಜುಗಳೆಲ್ಲ ಅವರಿಗೆ ಹೋಗಿದ್ದವು. ಒಬ್ಬ ಮಾಲೀಕ ಫೋನು ಮಾಡಿ ಕೆಂಡವಾದ: “ಮೂರನೇ ಬಾಗಿಲಿಗೆ ಬಾ ಅಂತೀರಲ್ರೀ, ನಾನಿಲ್ಲಿ ಮನೇಲಿ ಸೋಫಾ ಮೇಲೆ ಕೂತಿದ್ದೀನಿ!”

“ಸೋಫಾ ಸಮೇತ ಬನ್ನಿ ಸಾರ್, ಇಳಿಸ್ಕೋತೀವಿ,” ಅಂದಳು ಮೈಕಕ್ಕ.

ಫೋನಿಟ್ಟವಳೇ ಸಾಲಿಗಿಳಿದಳು. ಒಂದೊಂದು ಲಾರಿಯ ಬಾಗಿಲನ್ನೂ ಬಡಿದು ಡ್ರೈವರುಗಳ ನಂಬರು ಕೇಳಿ ತಂದಳು. “ಓದೋಕೆ ಬರಲ್ಲಕ್ಕ” ಅಂದವರನ್ನು ಫೋನು ಮಾಡಿಯೇ ಕರೆಯಬೇಕಾಯಿತು. ಅದಕ್ಕೆ ಅವಳ ದನಿಯೇ ಬೇಕಾಯಿತು. ಹಾಗೆ ಸಿಕ್ಕಿದ್ದು ಆ ಕುರ್ಚಿ.

ಈಗ ರಸ್ತೆಯ ಮೇಲೆ ಸಾಲಿಲ್ಲ. ಡ್ರೈವರುಗಳು ಒಳಗಿನ ಮೈದಾನದಲ್ಲಿ ಲಾರಿ ನಿಲ್ಲಿಸಿ ಕಾಲು ಚಾಚಿ ಮಲಗುತ್ತಾರೆ. ಬಾಗಿಲು ಖಾಲಿಯಾದೊಡನೆ ಹಮಾಲರು ವಾಕಿಟಾಕಿಯಲ್ಲಿ ಹೇಳುತ್ತಾರೆ, ಮೈಕಕ್ಕ ಮೆಸೇಜು ಕಳಿಸುತ್ತಾಳೆ. ಟೊಮೇಟೊ ಮುದುಕ ಫೋನನ್ನು ಪಕ್ಕದ ಕಟ್ಟೆಯ ಮೇಲಿಟ್ಟು, ಬೇಕೆಂದೇ ಕಿವಿತುಂಬ ಸೋಪು ಹಚ್ಚಿಕೊಳ್ಳುತ್ತಾನೆ. ನೋಡಲು ಬರುವ ಅಧಿಕಾರಿಗಳೆದುರು ಮ್ಯಾನೇಜರು ಎದೆಯುಬ್ಬಿಸುತ್ತಾನೆ. ಉಬ್ಬಿಸಲಿ. ಅವನಿಗಿಂತ ಮೊದಲು ಆ ಹಕ್ಕು ಅವಳದು. ಅವಳೂ ಬಿಟ್ಟುಕೊಟ್ಟಿಲ್ಲ, ತಲೆಯೆತ್ತಿಯೇ ಕೂರುತ್ತಾಳೆ.

ಸಂಬಳ ಕೇಳಿದರೆ ಮಾತ್ರ, “ಆ ಹುದ್ದೆ ಇನ್ನೂ ಮಂಜೂರಾಗಿಲ್ಲಮ್ಮ” ಅನ್ನುತ್ತಾನೆ.

“ಕುರ್ಚಿ ಮಂಜೂರಾಗಿದೆಯಲ್ಲ ಸಾರ್. ಅದರ ಮೇಲೆ ಕೂತಿರೋದು ಯಾರು, ದೆವ್ವಾನಾ?”

ನಿಮ್ಮ ಮನೆಗೆ ಟೊಮೇಟೊ ಕೊಳೆಯದೆ ಬಂತು, ತಿಂದಿರಿ ತಾನೇ? ಹಾಗಾದರೆ ಎದ್ದು ಬನ್ನಿ. ನಾಳೆ ಹಮಾಲರು ಮತ್ತೆ ಮ್ಯಾನೇಜರ ಬಾಗಿಲಲ್ಲಿ ಕೂರುತ್ತಾರೆ. ಪಕ್ಕದಲ್ಲಿ ನೀವೂ ಕೂತು ಅವಳ ಸಂಬಳ ಕೇಳಿ.