ಚೆಕ್ಕುಬಂದಿಯಲ್ಲಿ ಬರೆಯದ ಕಾಲುದಾರಿ

ಇತ್ತೀಚೆಗೆ ಮಧ್ಯಾಹ್ನದ ನಿದ್ದೆಯಲ್ಲಿ ನನ್ನ ಹಳೆಯ ಸಾಕ್ಷಿಗಳು ಸಮನ್ಸ್ ಇಲ್ಲದೆಯೇ ಬಂದು ಹೋಗುತ್ತಾರೆ. ಮೂವತ್ತು ಚಿಲ್ಲರೆ ವರ್ಷ ವಯನಾಡಿನ ಕೋರ್ಟುಗಳಲ್ಲಿ ಅವರನ್ನು ಕಟಕಟೆ ಹತ್ತಿಸಿ, "ಹೌದೋ ಅಲ್ಲವೋ, ಅಷ್ಟು ಹೇಳಿ" ಎಂದು ಗದರಿಸಿದವನು ನಾನು. ಕನಸಿನಲ್ಲಿ ಅವರು ಗದ್ದೆಯ ಮಂಜಿನೊಳಗಿಂದ ನಡೆದು ಬರುತ್ತಾರೆ, ಕೊಡೆ ಮಡಚಿ ಗೋಡೆಗೆ ಒರಗಿಸುತ್ತಾರೆ, ನಾನು ಅಂದು ಕೇಳದೆ ಬಿಟ್ಟ ಪ್ರಶ್ನೆಗಳಿಗೆಲ್ಲ ಸಾವಧಾನವಾಗಿ ಉತ್ತರ ಕೊಡುತ್ತಾರೆ. ಎದ್ದ ಮೇಲೆ ಒಂದೂ ನೆನಪಿರುವುದಿಲ್ಲ. ತೀರ್ಪಾಗಿ ಹೋದ ಕೇಸುಗಳ ದೃಷ್ಟಿಯಿಂದ ಅದೇ ಕ್ಷೇಮ.

ಕೂದಲು ಪೂರ್ತಿ ಬೆಳ್ಳಗಾದ ಮೇಲೆ ನನ್ನನ್ನು ಮಧ್ಯಸ್ಥನನ್ನಾಗಿ ಮಾಡಿದರು. ಜಗಳದಲ್ಲಿ ಅನ್ನ ಕಂಡವನಿಗೆ ಜಗಳ ಆರಿಸುವ ಕೆಲಸ. ನನ್ನ ದೊಡ್ಡ ಅರ್ಹತೆ ಎಂದರೆ ಮನೆಮಾತು ಕನ್ನಡವಾಗಿದ್ದದ್ದು. ಹಿಂದೆಂದೋ ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದ ಮನೆಗಳವರು ಅರ್ಜಿ ಕೊಡುವುದು ಮಲಯಾಳದಲ್ಲಿ, ಸಿಟ್ಟಾಗುವುದು ಕನ್ನಡದಲ್ಲಿ. ಸಿಟ್ಟು ಅರ್ಥವಾಗುವವನೊಬ್ಬ ಬೇಕಲ್ಲ.

ಹಾಗೆ ನನ್ನ ಮೇಜಿಗೆ ಬಂದದ್ದು ಒಬ್ಬ ಅಕ್ಕ, ಒಬ್ಬ ತಮ್ಮನ ಕೇಸು. ಮರಕ್ಕಡವಿನ ಕಡೆ ತಲೆತಲಾಂತರದಿಂದ ಕಾಫಿ ಬೆಳೆಯುವ ಜೈನ ಮನೆತನ. ತಂದೆಯ ತೋಟ ಎರಡು ಪಾಲಾದಾಗ ರಸ್ತೆಯ ಬದಿ ತಮ್ಮನಿಗೆ ಬಂತು, ಅದರ ಹಿಂದಿನದು ಅಕ್ಕನಿಗೆ. ಅಕ್ಕ ತನ್ನ ಪಾಲಿನಲ್ಲಿ ಮನೆ ಕಟ್ಟಿದಳು, ಗಂಡ ತೀರಿದ ಮೇಲೂ ಅಲ್ಲೇ ಉಳಿದಳು. ರಸ್ತೆಗೆ ಬರಲು ತಮ್ಮನ ಕಾಫಿಯ ನಡುವೆ ಐದು ನಿಮಿಷದ ಕಾಲುದಾರಿ. ಒಂದು ದಿನ ಆಕೆ ಗಡಿಯ ಹಾಲುವಾಣದ ಕೊಂಬೆಯೊಂದನ್ನು ಕಡಿಸಿದಳು. ಅದಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿ ತಮ್ಮನದು. ತಮ್ಮ ಕಾಲುದಾರಿಗೆ ಗೇಟು ಹಾಕಿ ಬೀಗ ಜಡಿದ. ಅಂದಿನಿಂದ ಅಕ್ಕ ಗದ್ದೆ ಬಳಸಿ, ತೋಡಿನ ನೀರು ದಾಟಿ, ಒಂದು ಗಂಟೆ ನಡೆಯಬೇಕು. ಮಳೆಗಾಲದಲ್ಲಿ ತೋಡು ಯಾರನ್ನೂ ದಾಟಗೊಡುವುದಿಲ್ಲ. ದಾರಿ ಸಿಗದಿದ್ದರೆ ಮಳೆಗೆ ಮುಂಚೆ ಮನೆ ಬಿಟ್ಟು ಗಂಟುಮೂಟೆ ಕಟ್ಟಬೇಕು, ಅಷ್ಟೇ.

ತಮ್ಮನ ವಾದ ಸರಳ: ಭಾಗಪತ್ರದಲ್ಲಿ ದಾರಿ ಎಲ್ಲಿದೆ, ತೋರಿಸಿ. ನಾನು ಘನಗಂಭೀರವಾಗಿ ಕನ್ನಡಕ ಏರಿಸಿ ಭಾಗಪತ್ರ ಬಿಡಿಸಿದೆ. ಮೂಡಲಿಗೆ ಹಲಸಿನ ಮರ, ಪಡುವಲಿಗೆ ತೋಡು, ನಾಲ್ಕು ದಿಕ್ಕಿನ ಚೆಕ್ಕುಬಂದಿಯೂ ಲೋಪವಿಲ್ಲದೆ ಇತ್ತು. ದಾರಿ ಇರಲಿಲ್ಲ. ಅಕ್ಷರ ನನ್ನದೇ. ಕರಿಕೋಟಿನ ಹೊಸತರಲ್ಲಿ ಅದನ್ನು ಬರೆದವನು ನಾನೇ. ಎಲ್ಲರೂ ದಿನಾ ನಡೆಯುತ್ತಿದ್ದ ದಾರಿಯನ್ನು ಬರೆಯಬೇಕೆಂದು ಆ ಮನೆಯವರಿಗೂ ಹೊಳೆದಿರಲಿಲ್ಲ, ವಕೀಲನಿಗೂ ಹೊಳೆದಿರಲಿಲ್ಲ. ಉಸಿರಾಡುವುದನ್ನು ಯಾರು ಪತ್ರದಲ್ಲಿ ಬರೆಸುತ್ತಾರೆ?

ಇಬ್ಬರಿಗೂ ಹೇಳಿದೆ: "ಈ ತಪ್ಪು ನನ್ನದು. ನೀವು ಬೇರೆ ಮಧ್ಯಸ್ಥರನ್ನು ಕೇಳುವುದು ಒಳ್ಳೆಯದು."

"ಗೊತ್ತು ವಕೀಲರೇ," ಅಂದಳು ಅಕ್ಕ. "ಇರುವೆ ಶಾಯೀಲಿ ಬಿದ್ದು ನಡೆದಂಗಿರೋ ಅಕ್ಷರ ಈ ಜಿಲ್ಲೇಲಿ ಇನ್ಯಾರದು?"

"ಬೇರೆಯವ್ರು ಬಂದ್ರೆ ಪಿನ್ನೆ ಎಲ್ಲಾ ಮೊದ್ಲಿಂದ ಹೇಳ್ಬೇಕು," ಅಂದ ತಮ್ಮ. "ಕೆಡಿಸಿದವ್ರೇ ಸರಿ ಮಾಡ್ಲಿ."

ಅವರಿಬ್ಬರೂ ಒಮ್ಮತಕ್ಕೆ ಬಂದ ಮೊದಲ ವಿಷಯ ಅದು.

ಒಂದು ಮಧ್ಯಾಹ್ನ ಸ್ಥಳ ನೋಡಲು ಹೋದೆ. ಹೂಮಳೆ ಬಿದ್ದು ಒಂದು ವಾರವಾಗಿತ್ತು. ತೋಟವೆಲ್ಲ ಬೆಳ್ಳಗೆ ಅರಳಿ, ಆ ಪರಿಮಳದಲ್ಲಿ ಜೇನ್ನೊಣಗಳ ಗುಂಯ್ಗುಟ್ಟುವಿಕೆ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದಂತೆ ಹರಡಿತ್ತು. ನಡೆಯುತ್ತಿದ್ದೇನೋ ತೇಲುತ್ತಿದ್ದೇನೋ ಎಂಬ ಅನುಮಾನ. ತಮ್ಮನ ಅಂಗಳದಲ್ಲಿ ಮೂರು ಕುರ್ಚಿ ಹಾಕಿದ್ದರು. ಅಕ್ಕ ಗದ್ದೆ ಬಳಸಿ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು ಕುಳಿತಳು. ಆ ಅಮಲಿನಲ್ಲಿ ನಾನು ದಾರಿಯ ಹಕ್ಕಿನ ಕುರಿತು ಮಾತು ಶುರುಮಾಡಿದೆ. ನನ್ನ ವೃತ್ತಿಜೀವನದ ಅತ್ಯುತ್ತಮ ಭಾಷಣಗಳಲ್ಲಿ ಅದೊಂದು. ನಡುವೆ ತಮ್ಮ ಒಂದು ಕ್ಷಣ ತೂಕಡಿಸಿದ. ಬಿಸಿಲು ಹೂವಿನ ಮೇಲೆ ಹಳದಿಗೆ ತಿರುಗಿದ್ದನ್ನು ನಾನು ನೋಡಲೇ ಇಲ್ಲ.

ಅಕ್ಕ ಎದ್ದಳು. "ಮುಗೀತಾ ವಕೀಲರೇ? ಹೊತ್ತು ಮುಳುಗಕ್ಕೆ ಅರ್ಧ ಗಂಟೆ ಉಂಟು. ನಂಗೆ ಒಂದು ಗಂಟೆ ದಾರಿ."

ಆಗ ನನಗೆ ಎಚ್ಚರವಾಯಿತು. ಆ ಮನೆಯವರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ನನ್ನ ವಾಗ್ವೈಖರಿಯ ದೆಸೆಯಿಂದ ಆಕೆಗೆ ಅಂದು ಉಪವಾಸ.

ತಮ್ಮನ ಹೆಂಡತಿ ಬಾಗಿಲಿಗೆ ಬಂದಳು. "ಇಲ್ಲೇ ಒಂದು ತುತ್ತು ಉಣ್ಣಿ ಅಕ್ಕಾ. ಗಂಜಿ ಆಗಿದೆ."

"ಕೇಸು ಮುಗಿಯೋ ತನಕ ಈ ಮನೇ ನೀರೂ ನನ್ನ ಗಂಟಲಲ್ಲಿ ಇಳಿಯಲ್ಲಮ್ಮ."

"ನೋಡಿದ್ರಾ?" ತಮ್ಮ ನನ್ನ ಕಡೆ ತಿರುಗಿದ. "ಉಪವಾಸ ಬಿದ್ದು ಆ ಪಾಪಾನೂ ನನ್ನ ತಲೆಗೆ ಕಟ್ಟೋ ಉಪಾಯ."

"ಸಾಕು, ಮದಿ ಮಾಡು. ನಿನ್ನ ತಲೇಲಿ ಜಾಗ ಎಲ್ಲುಂಟು? ಮೆಣಸಿನ ಬಳ್ಳಿ ಹಬ್ಬಿ ಕೂತಿದೆ," ಎಂದು ಅಕ್ಕ ಗದ್ದೆಯ ಕಡೆ ಹೊರಟಳು.

ಹೇಳಲು ನನ್ನಲ್ಲಿ ಇನ್ನೂ ಎರಡು ನ್ಯಾಯತತ್ವಗಳಿದ್ದವು. ಪುಣ್ಯಕ್ಕೆ ಬಾಯಿ ತೆರೆಯಲಿಲ್ಲ. ತಮ್ಮ ಅವಳ ಬೆನ್ನು ನೋಡಿದ, ಆಕಾಶ ನೋಡಿದ, ಒಳಗೆ ಹೋಗಿ ಬೀಗದ ಕೈ ತಂದ.

"ಅಕ್ಕಾ, ಇತ್ತ ಹೋಗು. ಇವತ್ತಿಗೆ ಮಾತ್ರ."

ಆಕೆ ತಿರುಗಿ ಬಂದು ಗೇಟು ದಾಟಿ ಹೂವಿನ ನಡುವೆ ಹೊರಟಳು. ಸ್ವಲ್ಪ ದೂರ ಸೀರೆಯ ಬಣ್ಣ ಕಂಡಿತು, ಆಮೇಲೆ ಬರೀ ಬಿಳುಪು. ತಮ್ಮ ಗೇಟು ಹಿಡಿದು ನಿಂತೇ ಇದ್ದ. "ಕಾಲು ನೋವು ಅವ್ಳಿಗೆ, ಬೇಗ ನಡಿಯಕ್ಕಾಗಲ್ಲ," ಎಂದು ಯಾರಿಗೂ ಅಲ್ಲದಂತೆ ಹೇಳಿದ. ಎಷ್ಟೋ ಹೊತ್ತಿನ ಮೇಲೆ ಆಚೆಯಿಂದ ಕೂಗು ಬಂತು:

"ತಟ್ಟೆ ಮುಂದೆ ಕೂತೆ ಕಣೋ!"

"ಶರಿ!" ಎಂದು ಇವನೂ ಕೂಗಿದ.

ತಿರುಗಿ ಅಂಗಳಕ್ಕೆ ಬರುವಷ್ಟರಲ್ಲಿ ಸೂರ್ಯ ಹೊಳೆಯಾಚೆಯ ಕಾಡಿಗೆ ಇಳಿದಾಗಿತ್ತು. ಹೆಂಡತಿ ಮುಚ್ಚಿಟ್ಟಿದ್ದ ತಟ್ಟೆಯನ್ನು ನೋಡಿ ಆತ ಹಣೆ ಚಚ್ಚಿಕೊಂಡ. ಅವನದು ಉಪವಾಸ. ನಮ್ಮ ಕುಲದಲ್ಲಿ ಅಂಥ ಕಟ್ಟಳೆ ಇಲ್ಲವಾದ್ದರಿಂದ ಆ ಗಂಜಿಗೆ ನನ್ನನ್ನು ಕೂರಿಸಿದರು. ಆತ ಎದುರಿಗೆ ಕೈಕಟ್ಟಿ ಕುಳಿತ.

"ಆ ದಾರಿ ಬರಿಯೋದಾದ್ರೆ ಎಷ್ಟು ಅಗಲ ಬರೀತೀರಿ?" ಎಂದು ಕೇಳಿದ.

"ನೀವು ಹೇಳಿದಷ್ಟು."

"ಇಬ್ರು ಕೊಡೆ ಹಿಡಿದು ಎದುರುಬದುರು ಬಂದ್ರೆ ಕೊಡೆ ತಾಗಬಾರ್ದು. ಮಳೇಲಿ ಅವ್ಳು ಜಗಳಕ್ಕೆ ನಿಲ್ತಾಳೆ."

ಅದನ್ನು ಅಡಿಗಳಲ್ಲಿ ಲೆಕ್ಕ ಹಾಕುತ್ತಿದ್ದಾಗ ಆತನ ಹೆಂಡತಿ ಮಾವಿನ ಮಿಡಿಯ ಭರಣಿ ತಂದು ಮತ್ತೊಮ್ಮೆ ಬಡಿಸಲು ನಿಂತಳು. ಉಪವಾಸ ಕುಳಿತ ಕಕ್ಷಿದಾರನ ಎದುರು ಎರಡನೆಯ ಸಲ ಹಾಕಿಸಿಕೊಳ್ಳುವುದು ಮಧ್ಯಸ್ಥನ ನಿಷ್ಪಕ್ಷಪಾತತೆಗೆ ಒಪ್ಪುತ್ತದೆಯೇ ಎಂದು ಕೂಲಂಕಷವಾಗಿ ಯೋಚಿಸಿದೆ. ಹಾಕಿಸಿಕೊಂಡೆ.