ಬಾರದ ರೋಗಿಗೊಂದು ವಾಕ್ಯ

ಗುರುವಾದವನು ಶಿಷ್ಯರ ಬದುಕಿನಲ್ಲಿ ಅಳಿಯದೆ ಉಳಿಯುತ್ತಾನೆ. ನಾನು ಉಳಿದಿರುವುದು ಮುಖ್ಯವಾಗಿ ಅಲ್ಪವಿರಾಮಗಳಲ್ಲಿ. ತುಮಕೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ, ಎಂ.ಎಸ್. ಓದುವ ಡಾಕ್ಟರುಗಳಿಗೆ ಇಂಗ್ಲಿಷಿನಲ್ಲಿ ಥೀಸಿಸ್ ಬರೆಯುವುದು ಹೇಗೆಂದು ಹನ್ನೊಂದು ವರ್ಷ ಕಲಿಸಿದೆ.

ಮೊನ್ನೆ ಬೀರು ಜಾಡಿಸುವಾಗ ಅಂಥದ್ದೊಂದು ಕರಡು ಸಿಕ್ಕಿತು. ತೆರೆದರೆ ವಾರ್ಡಿನ ಟಿಂಚರ್ ವಾಸನೆ ಇನ್ನೂ ಇತ್ತು… ಗುಬ್ಬಿ ಡಾಕ್ಟರದು. ಊರು ಗುಬ್ಬಿಯಾದ್ದರಿಂದ ನಾನಿಟ್ಟ ಹೆಸರು.

ಅವನ ವಿಷಯ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು. ಅರವತ್ತು ರೋಗಿಗಳು ಮೂರು ಸಲ ಬಂದು ಕಾಲು ತೋರಿಸಬೇಕಿತ್ತು. ಐವತ್ತೊಂಬತ್ತು ಮಂದಿ ತೋರಿಸಿದರು. ಕುಣಿಗಲ್ ಕಡೆ ಮಾರ್ಕೋನಹಳ್ಳಿಯ ಅಜ್ಜಿಯೊಬ್ಬರು ಮೂರನೇ ಸಲ ಬರಲಿಲ್ಲ. ಇಂಥವರಿಗೆಂದೇ ನನ್ನಲ್ಲೊಂದು ಸಿದ್ಧ ವಾಕ್ಯವಿತ್ತು. ಪ್ರತಿ ಬ್ಯಾಚಿಗೂ ಪ್ರಸಾದದಂತೆ ಹಂಚುತ್ತಿದ್ದೆ: ಹಲವು ಬಾರಿ ಪ್ರಯತ್ನಿಸಿದರೂ ರೋಗಿಯನ್ನು ಸಂಪರ್ಕಿಸಲಾಗಲಿಲ್ಲ. ಯಾವ ಪರೀಕ್ಷಕರೂ ಅದನ್ನು ಪ್ರಶ್ನಿಸಿದ್ದಿಲ್ಲ.

ಗುರುವಾರ ಮಧ್ಯಾಹ್ನ ಅವನು ಕರಡು ಹಿಡಿದು ಬಂದ.

“ಸಾರ್, ಹಲವು ಬಾರಿ ಅಂತ ಬರ್ದಿದೀವಿ. ನಾನ್ ಮಾಡಿದ್ದು ಒಂದೇ ಫೋನು. ಅದೂ ಸ್ವಿಚ್ಡ್ ಆಫ್.”

“ಇನ್ನೆರಡು ಸಲ ಮಾಡಪ್ಪ, ಹಲವು ಆಗುತ್ತೆ.”

ಅವನು ನಗಲಿಲ್ಲ. “ಹೋದ್ಸಲ ಬಂದಾಗ್ಲೇ ಹೆಬ್ಬೆರಳು ಕಪ್ಪಗಾಗ್ತಿತ್ತು ಸಾರ್. ಅಡ್ಮಿಟ್ ಆಗಿ ಅಜ್ಜಿ ಅಂದ್ರೆ, ‘ರಾಗಿ ಕುಯ್ಲು ಮುಗುಸ್ಕೊಂಡ್ ಬತ್ತೀನಿ ಬುಡಪ್ಪ’ ಅಂದ್ರು. ನಾಳೆ ಹೋಗಿ ಕರ್ಕೊಂಡ್ ಬಂದ್ಬಿಡ್ಲಾ?”

ಥೀಸಿಸ್ ಸಲ್ಲಿಸಲು ಸೋಮವಾರ ಕಡೆಯ ದಿನ. ತಪ್ಪಿದರೆ ಪರೀಕ್ಷೆ ಆರು ತಿಂಗಳು ಮುಂದಕ್ಕೆ. ಉಲ್ಲೇಖಗಳ ಪಟ್ಟಿ ಇನ್ನೂ ಅರ್ಧ ಬಾಕಿಯಿತ್ತು. ನಾನು ಕನ್ನಡಕ ತೆಗೆದು, ಹೈಕೋರ್ಟಿನ ಗಾಂಭೀರ್ಯದಲ್ಲಿ ತೀರ್ಪು ಕೊಟ್ಟೆ.

“ಮೊದಲು ಥೀಸಿಸ್ ಕೊಡು. ಅಜ್ಜಿ ಎಲ್ಲಿಗೂ ಹೋಗಲ್ಲ ಕಣಯ್ಯ.”

ಅಜ್ಜಿ ಎಲ್ಲಿಗೂ ಹೋಗಲಿಲ್ಲ, ನಿಜ. ಸೋಮವಾರ ಥೀಸಿಸ್ ಕೊಟ್ಟು ಮಂಗಳವಾರ ಅವನು ಮಾರ್ಕೋನಹಳ್ಳಿಗೆ ಹೋದಾಗ, ಜಗಲಿಯ ಮೇಲೆ ಕಾಲು ಚಾಚಿ ಮಲಗಿದ್ದರಂತೆ. ಕಪ್ಪು ಬಣ್ಣ ಬೆರಳನ್ನು ದಾಟಿ ಪಾದಕ್ಕೂ ಹರಡಿತ್ತು. ಬಾಡಿಗೆ ಓಮ್ನಿಯಲ್ಲಿ ಕರೆತಂದ. ತುಮಕೂರಿನ ಶಿರಾ ಗೇಟಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ನನಗೆ ಫೋನ್ ಮಾಡಿದ.

“ಸಿಕ್ಕಿದ್ರು ಸಾರ್.”

ಹಿಂದೆ ಹಾರ್ನುಗಳು ಕೇಳುತ್ತಿದ್ದವು. ನಾನು “ಒಳ್ಳೇದಾಯ್ತು” ಅಂದೆ. ಬೇರೇನಾದರೂ ಅಂದೆನೋ ಏನೋ…

ಕೋರ್ಸ್ ಮುಗಿಸಿ ಹೋದವನು ಮತ್ತೆ ನನ್ನನ್ನು ನೋಡಲು ಬರಲಿಲ್ಲ. ನಾನೂ ಕರೆಯಲಿಲ್ಲ. ಹೋದ ವರ್ಷ ಅವನ ಬ್ಯಾಚಿನವರೊಬ್ಬರು ವಾಟ್ಸ್ಯಾಪಿನಲ್ಲಿ ಅವನು ತೀರಿಕೊಂಡ ಸುದ್ದಿ ಹಾಕಿದರು: ಹಾರ್ಟ್ ಅಟ್ಯಾಕ್, ಡ್ಯೂಟಿಯಲ್ಲಿದ್ದಾಗಲೇ. ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ದರು, ನಾನೂ ಹಾಕಿದೆ. ಆಮೇಲೆ ಕಾಫಿ ಕುಡಿದೆ. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕೂತಿದ್ದೆ. ಬರಲಿಲ್ಲ. ಆ ಶುಕ್ರವಾರವೇ ಹೋಗಿದ್ದರೆ ಏನಾಗುತ್ತಿತ್ತೆಂದು ಕೇಳಬೇಕಿತ್ತು, ಈಗ ಕೇಳಲು ಅವನಿಲ್ಲ.

ಥೀಸಿಸ್ ಒಂದೂ ತಿದ್ದುಪಡಿಯಿಲ್ಲದೆ ಪಾಸಾಯಿತು. ಅಜ್ಜಿಯ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.