ರಿಪೇರಿ ಅಕ್ಕ ಆಯಿಲ್ ಮರೆತ ದಿನ

ಊರ ಹೊರಗಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಎಲ್ಲರೂ ಆಕೆಯನ್ನು ರಿಪೇರಿ ಅಕ್ಕ ಅಂತಲೇ ಕರೆಯುತ್ತಿದ್ದರು. ಇಪ್ಪತ್ತು ವರ್ಷ ಗಂಡನ ಜೊತೆ ಕೂತು ಸ್ಕೂಟರ್ ಬಿಚ್ಚಿ ಜೋಡಿಸಿದ ಕೈ. ಆತ ತೀರಿಕೊಂಡ ಮೇಲೆ ಅದೇ ಸ್ಪ್ಯಾನರುಗಳನ್ನು ಹೊತ್ತುಕೊಂಡು ಇಲ್ಲಿಯ ತಗಡಿನ ಶೆಡ್ಡಿಗೆ ಬಂದಿದ್ದಳು. ಇಲ್ಲಿದ್ದ ಅಲ್ಟ್ರಾಲೈಟ್ ವಿಮಾನಗಳೋ, ಎರಡು ಸೀಟು, ಬಟ್ಟೆಯ ರೆಕ್ಕೆ, ಬೆನ್ನಿಗೊಂದು ಟೂ-ಸ್ಟ್ರೋಕ್ ಎಂಜಿನ್. "ಇದೇನು ಮಹಾ, ರೆಕ್ಕೆ ಬಂದ ಸ್ಕೂಟರ್ರು!" ಅಂದಿದ್ದಳು ಮೊದಲ ದಿನವೇ. ಹನ್ನೊಂದು ವರ್ಷದಲ್ಲಿ ಆಕೆ ಕೈಯಾಡಿಸಿದ ಒಂದೇ ಒಂದು ಎಂಜಿನ್ ಆಕಾಶದಲ್ಲಿ ಕೈಕೊಟ್ಟಿರಲಿಲ್ಲ. ಇದನ್ನು ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು.

ಆಕೆಗೆ ಆಗಿಬರದವರು ಒಬ್ಬರೇ, ಹಾರಾಟ ಕಲಿಸುವ ಮೇಷ್ಟ್ರು. ಪ್ರತಿ ಪಾಠದಲ್ಲೂ ಮೇಲೆ ಹೋದಮೇಲೆ ಬೇಕಂತಲೇ ಎಂಜಿನ್ ಆಫ್ ಮಾಡಿಸಿ, "ಈಗ ಇಳಿಸು ನೋಡೋಣ" ಅನ್ನುವ ಆಸಾಮಿ. ಕೆಳಗೆ ನಿಂತ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಏನು ಮೇಷ್ಟ್ರೇ, ನನ್ನ ಎಂಜಿನ್ ಮೇಲೆ ಇಷ್ಟೂ ನಂಬಿಕೆ ಇಲ್ವಾ?"

"ಇದೆಯಮ್ಮ. ಆದ್ರೆ ನಂಬಿಕೆ ಇಟ್ಕೊಂಡು ಇಳಿಯೋಕಾಗಲ್ಲ, ಇಳಿಯೋದನ್ನ ಕಲ್ತೇ ಇಳೀಬೇಕು."

"ನನ್ನ ಮಗಳಿಗೂ ಇದೇ ಪಾಠಾನಾ?"

"ಅವಳಿಗೆ ಎರಡರಷ್ಟು!"

ಮೇಷ್ಟ್ರು ನಗುತ್ತಿದ್ದರು. ಅಕ್ಕ ಮೂತಿ ಊದಿಸಿಕೊಂಡು ಶೆಡ್ಡಿಗೆ ನಡೆಯುತ್ತಿದ್ದಳು.

ಇಂಥ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಬೆರೆಸದಿದ್ದರೆ ಪಿಸ್ಟನ್ ಕಾದು ಕಚ್ಚಿಕೊಂಡು ಎಂಜಿನ್ ನಿಲ್ಲುತ್ತದೆ. ಅದಕ್ಕೇ ಅಕ್ಕ ಒಂದು ಪದ್ಧತಿ ಮಾಡಿದ್ದಳು: ಆಯಿಲ್ ಬೆರೆಸಿದ ಕ್ಯಾನಿನ ಕೊರಳಿಗೆ ಒಂದು ಕೆಂಪು ಬಟ್ಟೆ. ಬಟ್ಟೆ ಕಟ್ಟಿದ್ದರೆ ಯಾರು ಬೇಕಾದರೂ ಕಣ್ಣುಮುಚ್ಚಿ ಟ್ಯಾಂಕಿಗೆ ಸುರಿಯಬಹುದು.

ಮಗಳು ಮೊದಲ ಸಲ ಒಬ್ಬಳೇ ಹಾರುವ ಬೆಳಿಗ್ಗೆ ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕ್ಯಾನಿಗೆ ಕಟ್ಟಲು ತನ್ನ ಹೊಸ ಕೆಂಪು ರವಿಕೆ ಕಣದಿಂದಲೇ ಒಂದು ಚೂರು ಹರಿದು ತಂದಿದ್ದಳು. ಲೋಟದಲ್ಲಿ ಆಯಿಲ್ ಅಳೆದಿಟ್ಟಳು. ಬೆರೆಸಿದ ಮೇಲೆ ಜಿಡ್ಡುಗೈಯಲ್ಲಿ ಕಟ್ಟಿದರೆ ಹೊಸ ಬಟ್ಟೆ ಕೊಳೆಯಾದೀತೆಂದು ಮೊದಲೇ ಕ್ಯಾನಿಗೆ ಕಟ್ಟಿದಳು. ಅಷ್ಟರಲ್ಲಿ ಮಗಳು ಕೂಗಿದಳು: "ಅಮ್ಮಾ, ಹೆಲ್ಮೆಟ್ ಪಟ್ಟಿ ಸಿಕ್ಕಾಕ್ಕೊಂಡಿದೆ, ಬಾರೇ!" ಅಕ್ಕ ಎಲ್ಲ ಅಲ್ಲೇ ಬಿಟ್ಟು ಹೋದಳು. ಮೇಷ್ಟ್ರು ಬಂದರು, ಕೆಂಪು ಬಟ್ಟೆ ನೋಡಿದರು, ಕ್ಯಾನನ್ನು ಟ್ಯಾಂಕಿಗೆ ಬಗ್ಗಿಸಿದರು.

ವಿಮಾನ ಏರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಕಣ್ಣೊರೆಸಿಕೊಳ್ಳಲು ಶೆಡ್ಡಿಗೆ ತಿರುಗಿದಳು. ಮೇಜಿನ ಮೇಲೆ ಆಯಿಲ್ ಲೋಟ ತುಂಬಿದ್ದು ತುಂಬಿದ ಹಾಗೇ ಇತ್ತು.

ಅಕ್ಕ ಮೈದಾನಕ್ಕೆ ಓಡಿದಳು, ಎಷ್ಟೋ ವರ್ಷದಿಂದ ಓಡದವಳು.

"ಮೇಷ್ಟ್ರೇ! ಆಯಿಲ್ ಹಾಕಿಲ್ಲ! ನಾನೇ ಮರೆತೆ! ಎಂಜಿನ್ ನಿಂತುಹೋಗುತ್ತೆ, ಇಳಿಸಿ ಅವಳನ್ನ!"

ಹತ್ತಾರು ಜನರೆದುರು ಹನ್ನೊಂದು ವರ್ಷದ ಹೆಸರು ಮಣ್ಣುಪಾಲಾಯಿತು. ಆಕೆಗೆ ಅದರ ಗೊಡವೆಯೇ ಇರಲಿಲ್ಲ, ಮಗಳು ಉಳಿದರೆ ಸಾಕಾಗಿತ್ತು.

ಒಳಗೆ ಉಳಿದ ನಿನ್ನೆಯ ಆಯಿಲ್ ಜಿಡ್ಡಿನ ಮೇಲೆ ಎಂಜಿನ್ ಇನ್ನು ಕೆಲವು ನಿಮಿಷ ಓಡೀತು. ಅದು ಮರಗಳ ಮೇಲೆ ಹಾರುವಾಗ ತಾನಾಗಿ ನಿಂತರೆ ಕಷ್ಟ. ಮೇಷ್ಟ್ರು ರೇಡಿಯೋ ಎತ್ತಿದರು.

"ಮಗು, ಮೈದಾನದ ಕಡೆ ತಿರುಗಿಸು. ತಿರುಗಿಸಿದ್ಯಾ? ಈಗ ಎಂಜಿನ್ ಆಫ್ ಮಾಡಿ ಇಳಿ."

"ಚೆನ್ನಾಗೇ ಓಡ್ತಿದೆಯಲ್ಲ, ಮೇಷ್ಟ್ರೇ?"

"ಆಫ್ ಮಾಡು. ದಿನಾ ಮಾಡ್ತೀಯಲ್ಲ, ಹಾಗೇ."

ಸದ್ದು ನಿಂತಿತು. ಅಕ್ಕ ಮೇಷ್ಟ್ರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ವಿಮಾನ ತೀರಾ ಎತ್ತರದಲ್ಲಿತ್ತು. ಹೀಗೇ ಬಂದರೆ ಮೈದಾನ ದಾಟಿ ಬೇಲಿಗೆ ಹೋಗಿ ಬೀಳುತ್ತದೆ. ಅಯ್ಯೋ, ಇವಳೇನು ಮಾಡುತ್ತಿದ್ದಾಳೆ! ಮಗಳು ಗಾಬರಿಬೀಳದೆ ಒಂದು ರೆಕ್ಕೆಯನ್ನು ತಗ್ಗಿಸಿ, ಓರೆಯಾಗಿ ಜಾರಿಸಿ ಎತ್ತರ ಕಳೆದಳು. ನೆಟ್ಟಗೆ ಮಾಡಿದಳು. ವಿಮಾನದ ಮೂಗೆತ್ತಿದಳು. ಚಕ್ರ ಹುಲ್ಲಿಗೆ ತಾಗಿತು, ಉರುಳಿತು, ಸುಣ್ಣದ ಗೆರೆಯ ಮೇಲೆ ಬಂದು ನಿಂತಿತು. ಭಲೇ ಹುಡುಗಿ! ಮೇಷ್ಟ್ರು ಟೋಪಿ ಎಸೆದು ಕುಣಿದೇಬಿಟ್ಟರು.

"ಭಯ ಆಯ್ತೇನೇ?" ಅಕ್ಕ ಮಗಳನ್ನು ಬಾಚಿ ತಬ್ಬಿಕೊಂಡಳು.

"ಮೇಲೆ ಆಗ್ಲಿಲ್ಲ. ನಿನ್ನ ಮುಖ ನೋಡಿ ಈಗ ಆಗ್ತಿದೆ."

ಕ್ಲಬ್ಬಿನ ಸೆಕ್ರೆಟರಿ ಹಾರಾಟದ ದಾಖಲೆ ಪುಸ್ತಕ ಹಿಡಿದು ಬಂದು ಮೆತ್ತಗೆ ಕೇಳಿದರು, "ಎಂಜಿನ್ ತೊಂದರೆ ಅಂತ ಬರೆದುಬಿಡ್ಲಾ ಅಕ್ಕಾ?"

"ಪಾಪದ ಎಂಜಿನ್ ಮೇಲೆ ಯಾಕ್ರೀ ಗೂಬೆ ಕೂರಿಸ್ತೀರಿ? ಅದರದ್ದೇನೂ ತಪ್ಪಿಲ್ಲ. ನನ್ನ ತಪ್ಪು ಅಂತ ದೊಡ್ಡಕ್ಷರದಲ್ಲಿ ಬರೀರಿ. ಬೆರೆಸೋಕೆ ಮುಂಚೆ ಬಟ್ಟೆ ಕಟ್ಟಿದ್ಲು ಅಂತ್ಲೂ ಬರೀರಿ. ನಾಳೆ ಇನ್ನೊಬ್ರು ಹೀಗೇ ಮಾಡ್ಬಾರ್ದು."

ಸೈಲೆನ್ಸರ್ ಬಿಚ್ಚಿ, ಟಾರ್ಚು ಬಿಟ್ಟು ನೋಡಿದಳು. ಪಿಸ್ಟನ್ ಮೇಲೆ ಒಂದು ಗೀರೂ ಇರಲಿಲ್ಲ. ಟ್ಯಾಂಕ್ ಖಾಲಿ ಮಾಡಿದಳು. ಆದರೆ ಹೊಸ ಕ್ಯಾನಿನ ಮುಂದೆ ಕೂತವಳು ಆಯಿಲ್ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಬೇರೆ ಯಾರಾದ್ರೂ ಬೆರೆಸ್ಲಿ ಮೇಷ್ಟ್ರೇ, ನನ್ನಿಂದಾಗಲ್ಲ. ಇವಳು ಹಾರೋದು ಇನ್ನೊಂದು ದಿನ ಇಟ್ಕೊಳ್ಳೋಣ."

ಮಗಳು ಹೆಲ್ಮೆಟ್ ತೆಗೆದಿರಲೇ ಇಲ್ಲ.

"ಇನ್ನೊಂದು ದಿನ ಯಾಕೆ? ಈಗಲೇ ಹೋಗ್ತೀನಿ. ಅಮ್ಮನೇ ಬೆರೆಸ್ಲಿ. ಇವತ್ತು ಅವಳಷ್ಟು ನೆಟ್ಟಗೆ ಆಯಿಲ್ ಹಾಕೋರು ಈ ಭೂಮಿ ಮೇಲೆ ಬೇರೆ ಯಾರಿದ್ದಾರೆ?"

ಅಕ್ಕ ಮಗಳ ಮುಖ ನೋಡಿದಳು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಲೋಟ ಎತ್ತಿ, ಕೊನೆಯ ಹನಿಯವರೆಗೂ ಕ್ಯಾನಿಗೆ ಸುರಿದಳು.